ಹೌದೆಂದವರೆಷ್ಟು, ಬಂದವರೆಷ್ಟು?

ಹೊಸ ಶಾಲೆಯೊಂದು ಬೇಕೇ ಎಂದು ಯಾವ ಊರಿನಲ್ಲಾದರೂ ಕೇಳಿ ನೋಡಿ. ಬೇಡವೆನ್ನುವವರು ಸಿಗುವುದು ಅಪರೂಪ. ಯಾವ ಬೀದಿಯಲ್ಲಿ, ಯಾವ ಭಾಷೆಯಲ್ಲಿ, ಯಾರ ಆಡಳಿತದಲ್ಲಿ, ಯಾರ ಮಕ್ಕಳ ಪಕ್ಕದಲ್ಲಿ ಎಂದು ಎರಡನೆಯ ಪ್ರಶ್ನೆ ಹಾಕಿದ ಕೂಡಲೇ ಹೌದೆಂದವರಲ್ಲಿ ಅರ್ಧ ಜನ ಗಡಿಯಾರ ನೋಡಿಕೊಳ್ಳತೊಡಗುತ್ತಾರೆ. ಹೊರನಾಡಿನಲ್ಲಿದ್ದು ಕನ್ನಡ ಶಾಲೆಗೆಂದೋ ಕನ್ನಡ ತರಗತಿಗೆಂದೋ ಒಂದಲ್ಲ ಒಂದು ಪಟ್ಟಿಗೆ ಸಹಿ ಹಾಕಿರುವ ನಮ್ಮಂಥವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಇದೇ ಸಂಗತಿ ಒಂದು ನಾಡಿನಲ್ಲಿ ಅರ್ಧ ಶತಮಾನಕ್ಕೂ ಮೀರಿ ನಡೆದಿದೆ. ಅಲ್ಲಿ ಜನಾಭಿಪ್ರಾಯವನ್ನು ಮತ್ತೆ ಮತ್ತೆ ಅಳೆದಿದ್ದಾರೆ, ತಂದೆತಾಯಿಗಳಿಂದ ಗುಪ್ತ ಮತದಾನ ಮಾಡಿಸಿದ್ದಾರೆ, ನ್ಯಾಯಾಲಯದ ತನಕ ಹೋಗಿದ್ದಾರೆ. ಅದು ಉತ್ತರ ಐರ್ಲೆಂಡ್.

ಬ್ರಿಟಿಷ್ ಆಳ್ವಿಕೆಯಲ್ಲೇ ಉಳಿದ ಆರು ಜಿಲ್ಲೆಗಳ ಈ ಪುಟ್ಟ ನಾಡು 1921ರಲ್ಲಿ ಹುಟ್ಟಿತು. ಜನಸಂಖ್ಯೆ ಇಂದಿಗೂ ಸುಮಾರು 19 ಲಕ್ಷ. ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟೂ ಇಲ್ಲ. ಪ್ರಾಟೆಸ್ಟಂಟರು ಹೆಚ್ಚಾಗಿ ಬ್ರಿಟನ್ನಿನೊಡನೆ ಇರಬೇಕೆನ್ನುವವರು, ಕ್ಯಾಥೊಲಿಕರು ಹೆಚ್ಚಾಗಿ ಐರ್ಲೆಂಡಿನೊಡನೆ ಸೇರಬೇಕೆನ್ನುವವರು. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ನಡೆದ ಹಿಂಸಾಚಾರದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಈ ಎರಡು ಪಂಗಡಗಳ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿ ಹೊಸಬರ ಧರ್ಮ ತಿಳಿಯಬೇಕಾದರೆ ಧರ್ಮವನ್ನೇ ಕೇಳಬೇಕಾಗಿಲ್ಲ, ಯಾವ ಶಾಲೆಯಲ್ಲಿ ಓದಿದಿರಿ ಎಂದು ಕೇಳಿದರೆ ಸಾಕು. ಬೆಲ್‌ಫಾಸ್ಟ್ ನಗರದಲ್ಲಿ ಶಿಕ್ಷಕರನ್ನು ತಯಾರಿಸುವ ಕಾಲೇಜುಗಳು ಕೂಡ ಎರಡು: ಸೇಂಟ್ ಮೇರೀಸ್ ಒಬ್ಬರಿಗೆ, ಸ್ಟ್ರಾನ್‌ಮಿಲಿಸ್ ಇನ್ನೊಬ್ಬರಿಗೆ.

ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಶಾಲೆಗೆ ಅಲ್ಲಿನವರು ಇಂಟಿಗ್ರೇಟೆಡ್ ಶಾಲೆ ಎನ್ನುತ್ತಾರೆ. ನಾವು ಈ ಲೇಖನದ ಮಟ್ಟಿಗೆ ಕೂಡುಶಾಲೆ ಎನ್ನೋಣ. ಇಂಥ ಶಾಲೆ ಬೇಕೆಂದು ಸಮೀಕ್ಷೆಗಳಲ್ಲಿ ಬಹುಮತದವರು ಹೇಳುತ್ತಲೇ ಬಂದಿದ್ದಾರೆ. ಅಂಥ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳಾದರೋ ನೂರಕ್ಕೆ ಏಳೆಂಟು. ಈ ಎರಡು ಅಂಕಿಗಳ ನಡುವೆ ಏನಿದೆ ಎಂಬುದೇ ಇಲ್ಲಿನ ಕಥೆ.

ಕಥೆ ತೊಡಗುವುದು 1831ರಲ್ಲಿ. ಆಗ ಇಡೀ ಐರ್ಲೆಂಡಿನ ಆಡಳಿತ ನೋಡುತ್ತಿದ್ದ ಸ್ಟ್ಯಾನ್ಲಿ ಎಂಬ ಮಂತ್ರಿ ಒಂದು ಪತ್ರದಲ್ಲಿ ಹೊಸ ಶಾಲಾ ವ್ಯವಸ್ಥೆಯ ನಕ್ಷೆ ಬರೆದ. ಓದು, ಬರಹ, ಲೆಕ್ಕ ಎಲ್ಲರಿಗೂ ಒಟ್ಟಿಗೆ. ಧರ್ಮಪಾಠ ಮಾತ್ರ ಬೇರೆ ಬೇರೆ. ಕಾಗದದ ಮೇಲೆ ಸೊಗಸಾದ ಯೋಜನೆ. ಆದರೆ ಶಾಲೆಗೆ ಅರ್ಜಿ ಹಾಕುವವರು, ಮೇಲ್ವಿಚಾರಣೆ ನೋಡುವವರು, ಮೇಷ್ಟರನ್ನು ನೇಮಿಸುವವರು ಊರ ಪಾದ್ರಿಗಳೇ ಆಗಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಕೂಡಿ ಕಲಿಸಬೇಕೆಂದು ಹುಟ್ಟಿದ ಶಾಲೆಗಳು ಬಹುಮಟ್ಟಿಗೆ ಆಯಾ ಪಂಗಡದ ಸೊತ್ತಾಗಿದ್ದವು.

ಎರಡನೆಯ ಪ್ರಯತ್ನ 1923ರದು. ಹೊಸ ಸರಕಾರದ ಮೊದಲ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ ಒಂದು ಕಾಯಿದೆ ತಂದ. ಸರಕಾರದ ಕೈಗೆ ಬಂದ ಶಾಲೆಗಳಲ್ಲಿ ಕಡ್ಡಾಯ ಪಾಠದ ವೇಳೆಯಲ್ಲಿ ಧರ್ಮಬೋಧನೆ ಕೂಡದು, ಶಿಕ್ಷಕರನ್ನು ನೇಮಿಸುವಾಗ ಅವರ ಧರ್ಮ ಕೇಳಕೂಡದು. ಕ್ಯಾಥೊಲಿಕ್ ಬಿಷಪ್ಪರು ಮೊದಲೇ ದೂರ ಉಳಿದಿದ್ದರು. ತಮ್ಮ ಶಾಲೆಗಳನ್ನು ಸರಕಾರಕ್ಕೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಸೋಜಿಗವೆಂದರೆ ಹೆಚ್ಚಿನ ಗದ್ದಲ ಎದ್ದದ್ದು ಮಂತ್ರಿಯ ಸ್ವಂತ ಪಾಳೆಯದಲ್ಲಿ. ಪ್ರಾಟೆಸ್ಟಂಟ್ ಪಾದ್ರಿಗಳು, ಆರೆಂಜ್ ಆರ್ಡರ್ ಎಂಬ ಪ್ರಬಲ ಸಂಘದವರು ಊರೂರಲ್ಲಿ ಸಭೆ ನಡೆಸಿದರು. ನಾಳೆ ನಮ್ಮ ಮಕ್ಕಳಿಗೆ ಕ್ಯಾಥೊಲಿಕ್ ಮೇಷ್ಟರು ಬಂದರೆ ಏನು ಗತಿ ಎಂಬುದು ಮಾತಿನ ತಿರುಳು. 1925ರ ಏಪ್ರಿಲಿನಲ್ಲಿ ಚುನಾವಣೆ ಇತ್ತು. ಮಾರ್ಚಿನಲ್ಲೇ ಅವಸರದಿಂದ ತಿದ್ದುಪಡಿ ಪಾಸಾಯಿತು. ಚುನಾವಣೆಗೆ ಮುಂಚಿನ ತಿಂಗಳಲ್ಲಿ ಸರಕಾರಗಳಿಗೆ ಬರುವ ಚುರುಕುತನ ಎಲ್ಲ ದೇಶಗಳಲ್ಲೂ ಒಂದೇ ತೆರನಾದುದೆಂದು ಕಾಣುತ್ತದೆ. ಲಂಡನ್‌ಡೆರಿ ಮರುವರ್ಷ ರಾಜೀನಾಮೆ ಕೊಟ್ಟ.

1930ರ ಕಾಯಿದೆಯಲ್ಲಿ ಒಂದು ಸ್ವಾರಸ್ಯವಾದ ಅಂಶವಿದೆ. ಹತ್ತು ಮಕ್ಕಳ ತಂದೆತಾಯಿಗಳು ಅರ್ಜಿ ಕೊಟ್ಟರೆ ಸರಕಾರಿ ಶಾಲೆಯಲ್ಲಿ ಬೈಬಲ್ ಪಾಠ ಏರ್ಪಡಿಸಲೇಬೇಕು ಎಂಬ ನಿಯಮ ಬಂತು. ಈ ಹತ್ತು ಎಂಬ ಅಂಕಿ ಕಂಡಾಗ ನಮಗೆ ನಮ್ಮದೇ ನಿಯಮ ನೆನಪಾಯಿತು. 1949ರ ಆಗಸ್ಟಿನಲ್ಲಿ ನಮ್ಮ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತು: ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೊಂದು ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಹಿಂದೆ ಇರುವುದೂ ಇದೇ ಆಶಯ. ಹೊರನಾಡಿನ ಕನ್ನಡ ತರಗತಿಗಳ ಮಾತು ಬಂದಾಗಲೆಲ್ಲ ಈ ಹತ್ತು, ನಲವತ್ತರ ಲೆಕ್ಕ ಎದ್ದು ಬರುತ್ತದೆ. ಆಡಳಿತಕ್ಕೆ ಬೇಕಾದದ್ದು ಅಭಿಪ್ರಾಯವಲ್ಲ, ತಲೆ. ಸಂಘದ ಸಭೆಯಲ್ಲಿ ಎತ್ತಿದ ಕೈಗಳನ್ನು ಯಾವ ಕಚೇರಿಯೂ ಎಣಿಸುವುದಿಲ್ಲ. ಜೂನ್ ತಿಂಗಳ ದಾಖಲಾತಿ ಪುಸ್ತಕದಲ್ಲಿರುವ ಹೆಸರುಗಳನ್ನು ಎಣಿಸುತ್ತದೆ. ಕಚೇರಿಯಲ್ಲಿ ಕೂತು ಫೈಲು ನೋಡುವವರಾಗಿ ನಾವು ಇದನ್ನು ತಪ್ಪೆನ್ನಲಾರೆವು. ಆದರೆ ಎಷ್ಟು ತಲೆ ಸಾಕು, ಯಾರ ತಲೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ತೀರ್ಮಾನಿಸುವವರ ಕೈಯಲ್ಲಿ ಶಾಲೆಯ ಹಣೆಬರಹ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಐರಿಷ್ ಕಥೆಯಲ್ಲಿ ಈ ಅಂಶ ಮುಂದೆ ಇನ್ನೆರಡು ಸಲ ಬರುತ್ತದೆ.

ಇನ್ನು ಜನಾಭಿಪ್ರಾಯ ಸಮೀಕ್ಷೆಯ ವಿಷಯ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಪಾತ್ರೆಯನ್ನೆಲ್ಲ ಬರಿದು ಮಾಡಬೇಕಾಗಿಲ್ಲ. ಸಮೀಕ್ಷೆಯ ಶಾಸ್ತ್ರವೂ ಇಷ್ಟೇ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, 20 ಲಕ್ಷಕ್ಕೂ ಮೀರಿ ಉತ್ತರ ತರಿಸಿಕೊಂಡು, ಅಧ್ಯಕ್ಷರಾಗುವವರು ಲ್ಯಾಂಡನ್ ಎಂದು ಸಾರಿತು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ರೂಸ್‌ವೆಲ್ಟ್ ಎಂದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯ ಕಾರ್ಡು ಹೋದದ್ದು ಟೆಲಿಫೋನು, ಮೋಟಾರು ಇದ್ದವರ ಮನೆಗಳಿಗೇ ಹೆಚ್ಚಾಗಿ. ಉತ್ತರ ಬರೆದವರೂ ಬದಲಾವಣೆಗೆ ಹಾತೊರೆದವರೇ ಹೆಚ್ಚು. ಅಗುಳು ಪಾತ್ರೆಯ ಎಲ್ಲ ಕಡೆಯಿಂದ ಬರಬೇಕು, ಅದೇ ಗುಟ್ಟು.

ಉತ್ತರ ಐರ್ಲೆಂಡಿನಲ್ಲಿ ರಾಜ್ಯಶಾಸ್ತ್ರಜ್ಞ ರಿಚರ್ಡ್ ರೋಸ್ 1968ರಲ್ಲಿ ಸುಮಾರು 1,300 ಜನರನ್ನು ಹೀಗೆ ಆರಿಸಿ ಕೇಳಿದರು. ಗಲಭೆಗಳು ಹೊತ್ತಿಕೊಳ್ಳುವುದಕ್ಕೆ ತುಸು ಮೊದಲು. ಮಕ್ಕಳು ಕೂಡಿ ಓದುವುದಕ್ಕೆ ಎರಡೂ ಪಂಗಡಗಳಲ್ಲಿ ಬಹುಮತವಿತ್ತು. ಅಲ್ಲಿಂದ ಮುಂದೆ ನಡೆದ ಸಮೀಕ್ಷೆಗಳೆಲ್ಲ ಹೆಚ್ಚು ಕಡಿಮೆ ಇದೇ ರಾಗ ಹಾಡಿವೆ. 1998ರಿಂದ ವಿಶ್ವವಿದ್ಯಾಲಯಗಳು ನಡೆಸುತ್ತ ಬಂದಿರುವ ‘ಲೈಫ್ ಅಂಡ್ ಟೈಮ್ಸ್’ ಸಮೀಕ್ಷೆಯಲ್ಲೂ ಮಕ್ಕಳನ್ನು ಮಿಶ್ರ ಶಾಲೆಗೆ ಕಳಿಸಲು ಇಷ್ಟಪಡುತ್ತೇವೆ ಎಂದವರೇ ಹೆಚ್ಚು. ಆದ್ದರಿಂದ ಸಮೀಕ್ಷೆ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಒಂದು ಸಲ ಸುಳ್ಳಾಗಬಹುದು, ಐವತ್ತು ವರ್ಷ ಅದೇ ಸುಳ್ಳು ಬರಲಾರದು.

ಹಾಗಾದರೆ ಜನ ಕೇಳಿದ ಶಾಲೆ ಏಕೆ ಬರಲಿಲ್ಲ? ಕೇಳಿದಾಗ ಹೌದೆನ್ನುವುದಕ್ಕೆ ಖರ್ಚಿಲ್ಲ ಎಂಬುದು ಒಂದು ಕಾರಣ. ‘ಮಿಶ್ರ ಶಾಲೆ’ ಎಂದರೆ ಕೇಳುವವರ ಮನಸ್ಸಿನಲ್ಲಿ ಒಂದು, ಹೇಳುವವರ ಮನಸ್ಸಿನಲ್ಲಿ ಇನ್ನೊಂದು. ತಮ್ಮದೇ ಶಾಲೆಯಲ್ಲಿ ಆ ಕಡೆಯ ನಾಲ್ಕು ಮಕ್ಕಳಿದ್ದರೆ ಅದೇ ಮಿಶ್ರ ಎನ್ನುವವರಿದ್ದಾರೆ. ಎರಡೂ ಕಡೆಯವರು ಸರಿಸಮವಾಗಿ, ಆಡಳಿತ ಮಂಡಳಿಯಲ್ಲೂ ಸೇರಿ, ಹೊಸ ಹೆಸರಿನಲ್ಲಿ ನಡೆಸುವ ಶಾಲೆಗೆ ಅವರ ಹೌದು ಇದೆಯೋ ಇಲ್ಲವೋ, ಹೇಳಲಾಗದು. ಮೇಲಾಗಿ, ಹೌದೆಂದವನ ಮನೆಯಿಂದ ಅಂಥ ಶಾಲೆ ಮೂವತ್ತು ಮೈಲಿ ಆಚೆ ಇದ್ದರೆ ಅವನ ಮಗು ಹೋಗುವುದು ಪಕ್ಕದ ಬೀದಿಯ ಶಾಲೆಗೇ.

ಆದರೆ ದೊಡ್ಡ ಕಾರಣ ಊರ ರಾಜಕೀಯ. ಕ್ಯಾಥೊಲಿಕ್ ಜನ ತಮ್ಮ ಶಾಲೆಗಳನ್ನು ದಶಕಗಟ್ಟಲೆ ತಮ್ಮ ಕಾಣಿಕೆಯ ಹಣದಿಂದ ಕಟ್ಟಿ ನಿಲ್ಲಿಸಿದವರು. ಸರಕಾರ ಅವರಿಗೆ ಕೊಡುತ್ತಿದ್ದುದು ಪೂರ್ತಿ ಅನುದಾನವಲ್ಲ. ತಮ್ಮದಲ್ಲದ ಸರಕಾರದ ಕೆಳಗೆ ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಇದ್ದದ್ದು ಚರ್ಚು ಮತ್ತು ಶಾಲೆ. ಅದನ್ನು ಬಿಟ್ಟುಕೊಡಿ ಎಂದರೆ ನೋವಾಗುವುದು ಸಹಜ. ಬೇರೆ ಭಾಷೆಯ ನಡುವೆ ಬದುಕುವ ನಾವು ಅದನ್ನು ಅರಿಯದವರಲ್ಲ. ಆದರೆ ಆ ನೋವಿನಿಂದ ಹುಟ್ಟಿದ ಬಿಗಿ ಕೆಲವೊಮ್ಮೆ ಮಕ್ಕಳ ಮೇಲೆ ಬಿತ್ತು. ಬೆಲ್‌ಫಾಸ್ಟಿನ ಬಿಷಪ್ ಫಿಲ್ಬಿನ್, ಕ್ಯಾಥೊಲಿಕ್ ಶಾಲೆಗೆ ಹೋಗದ ಮಕ್ಕಳಿಗೆ ದೃಢೀಕರಣ ಸಂಸ್ಕಾರವನ್ನು ನಿರಾಕರಿಸಿದರು. ನಮ್ಮಲ್ಲಿ ಉಪನಯನಕ್ಕೋ ದೀಕ್ಷೆಗೋ ಬಂದ ಹುಡುಗನನ್ನು ಅವನ ಶಾಲೆಯ ಹೆಸರು ಕೇಳಿ ಹಿಂದಕ್ಕೆ ಕಳಿಸಿದಂತೆ. ಅಂಥ ಮಕ್ಕಳ ತಾಯಂದಿರು ಕೆಲವರು ಸೇರಿ ತಾವೇ ಧರ್ಮಪಾಠ ಹೇಳಿಕೊಡಲು ಆರಂಭಿಸಿದರು. ಆ ಗುಂಪಿನಿಂದಲೇ 1974ರಲ್ಲಿ ‘ಆಲ್ ಚಿಲ್ಡ್ರನ್ ಟುಗೆದರ್’ ಎಂಬ ಸಂಘ ಬೆಳೆಯಿತು. ಸೆಸಿಲ್ ಲಿನಹನ್, ಬೆಟ್ಟಿ ಬೆಂಟನ್ ಅದರ ಮೊದಲ ಹೆಸರುಗಳು.

ಅದೇ 1974ರ ಏಪ್ರಿಲ್ 30ರಂದು ಶಿಕ್ಷಣ ಮಂತ್ರಿ ಬೇಸಿಲ್ ಮ್ಯಾಕೈವರ್ ಎರಡೂ ಪಂಗಡಗಳು ಕೂಡಿ ನಡೆಸುವ ಶಾಲೆಗಳ ಯೋಜನೆಯನ್ನು ಶಾಸನಸಭೆಯಲ್ಲಿ ಮಂಡಿಸಿದರು. ಎರಡೂ ಕಡೆಯವರು ಅಧಿಕಾರ ಹಂಚಿಕೊಂಡ ಮೊದಲ ಸರಕಾರ ಅದು. ಕ್ಯಾಥೊಲಿಕ್ ಧರ್ಮಾಧಿಕಾರಿಗಳು ಒಪ್ಪಲಿಲ್ಲ. ವಾದ ಕಾವೇರುವಷ್ಟು ದಿನವೂ ಸಿಗಲಿಲ್ಲ. ಪ್ರಾಟೆಸ್ಟಂಟ್ ಕಾರ್ಮಿಕರ ಮುಷ್ಕರದಿಂದ ಮೇ 28ರಂದು ಸರಕಾರವೇ ಬಿತ್ತು. ಯೋಜನೆ ಬದುಕಿದ್ದು ಒಂದು ತಿಂಗಳಿಗೂ ಕಡಿಮೆ.

1978ರಲ್ಲಿ ಲಾರ್ಡ್ ಡನ್‌ಲೀತ್ ಎಂಬವರು ಬ್ರಿಟಿಷ್ ಸಂಸತ್ತಿನಲ್ಲಿ ಒಂದು ಕಾಯಿದೆ ಮಾಡಿಸಿದರು. ಇರುವ ಸರಕಾರಿ ಶಾಲೆಗಳು ಇಷ್ಟವಿದ್ದರೆ ಕೂಡುಶಾಲೆಯಾಗಬಹುದು. ಒಂದು ಶಾಲೆಯೂ ಮುಂದೆ ಬರಲಿಲ್ಲ. ಕೂಡಿ ಕಲಿಯುವುದನ್ನು ಜನ ಒಪ್ಪುತ್ತಾರೆಂದು ಸಮೀಕ್ಷೆಗಳಿದ್ದವು, ದಾರಿ ಕೊಡುವ ಕಾನೂನು ಇತ್ತು. ಬೆಕ್ಕಿಗೆ ಗಂಟೆ ಕಟ್ಟುವ ಆಡಳಿತ ಮಂಡಳಿ ಮಾತ್ರ ಇರಲಿಲ್ಲ. ಮಂಡಳಿಗಳಲ್ಲಿ ಪಾದ್ರಿಗಳಿದ್ದರು, ಪಾದ್ರಿಗಳಿಗೆ ಊರಿನ ಮುಖ ನೋಡಬೇಕಿತ್ತು. ಅದು ಸಾಲದೆಂದು ಮಕ್ಕಳ ಸಂಖ್ಯೆಯೂ ಇಳಿಯುತ್ತಿತ್ತು. ಸಂಖ್ಯೆ ಇಳಿದರೆ ಅನುದಾನ ಇಳಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಹೊಸ ಶಾಲೆಯ ಮಾತೆತ್ತಿದರೆ ಇರುವ ಶಾಲೆಗಳೆಲ್ಲ ಅದನ್ನು ತಮ್ಮ ತಟ್ಟೆಗೆ ಕೈ ಹಾಕುವವರಂತೆ ನೋಡುತ್ತವೆ. ತತ್ತ್ವದ ಮಾತನಾಡುವ ವಿರೋಧದ ಹಿಂದೆ ಎಷ್ಟೋ ಸಲ ಈ ಹಾಜರಿ ಪುಸ್ತಕದ ಭಯ ಇರುತ್ತದೆ.

ಕೊನೆಗೆ ಸಂಘದವರು ಕಾಯುವುದನ್ನು ಬಿಟ್ಟರು. 1981ರ ಸೆಪ್ಟೆಂಬರಿನಲ್ಲಿ ದಕ್ಷಿಣ ಬೆಲ್‌ಫಾಸ್ಟಿನ ಹೊರವಲಯದ ಆರ್ಡ್‌ನವ್ಯಾಲಿ ಎಂಬಲ್ಲಿನ ಸ್ಕೌಟ್ ಕೇಂದ್ರದಲ್ಲಿ 28 ಮಕ್ಕಳೊಡನೆ ಲಗನ್ ಕಾಲೇಜು ತೆರೆಯಿತು. ಹೆಸರಿಗೆ ಕಾಲೇಜಾದರೂ ಅದು ನಮ್ಮ ಲೆಕ್ಕದ ಮಾಧ್ಯಮಿಕ ಶಾಲೆ. ಊರಿನ ನದಿಯ ಹೆಸರು ಅದಕ್ಕೆ. ಆ ವರ್ಷ ಎಂಥದೆಂದು ನೆನೆಯಬೇಕು. ಮೇ 5ರಂದು ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ ಉಪವಾಸದಿಂದ ಸತ್ತಿದ್ದ. ಅವನ ಹಿಂದೆ ಇನ್ನೂ ಒಂಬತ್ತು ಮಂದಿ. ಬೀದಿಗಳು ಉರಿಯುತ್ತಿದ್ದ ಬೇಸಗೆ ಮುಗಿದ ತಿಂಗಳಲ್ಲೇ ಈ 28 ಮನೆಗಳವರು ಮಕ್ಕಳಿಗೆ ಹೊಸ ಸಮವಸ್ತ್ರ ಹೊಲಿಸಿ ಕಳಿಸಿದರು. ಸರಕಾರದಿಂದ ಒಂದು ಪೆನ್ನಿಯೂ ಇರಲಿಲ್ಲ. ದಾನಿಗಳ ಹಣ, ದತ್ತಿ ನಿಧಿಗಳ ಸಹಾಯ, ಮನೆಯವರ ಕೈಗಂಟು. ಮೊದಲ ಮುಖ್ಯೋಪಾಧ್ಯಾಯಿನಿ ಶೀಲಾ ಗ್ರೀನ್‌ಫೀಲ್ಡ್. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತವರು ಯಾರೆಂದರೆ, ಏಳು ವರ್ಷದ ಹಿಂದೆ ಯೋಜನೆಯೂ ಮಂತ್ರಿಪದವೂ ಒಟ್ಟಿಗೆ ಹೋಗಿದ್ದ ಅದೇ ಬೇಸಿಲ್ ಮ್ಯಾಕೈವರ್. ಕ್ಯಾಥೊಲಿಕ್ ಧರ್ಮಪ್ರಾಂತ ಶಾಲೆಗೆ ಪಾದ್ರಿಯನ್ನು ಕೊಡಲೊಪ್ಪಲಿಲ್ಲ.

ನೂರಕ್ಕೆ ಅರವತ್ತು ಎಂಬ ಸಮೀಕ್ಷೆಯ ಅಂಕಿಯಿಂದ ಆಗದ ಕೆಲಸ ಈ 28ರಿಂದ ಆಯಿತೆಂಬುದನ್ನು ಗಮನಿಸಬೇಕು. 1984ರಲ್ಲಿ ಸರಕಾರ ಶಾಲೆಯನ್ನು ಅನುದಾನಕ್ಕೆ ತೆಗೆದುಕೊಂಡಿತು. 1985ರಲ್ಲಿ ಉತ್ತರ ಬೆಲ್‌ಫಾಸ್ಟಿನಲ್ಲಿ ಹೇಜಲ್‌ವುಡ್ ಹೆಸರಿನ ಎರಡು ಶಾಲೆ, ಇನ್ನೊಂದು ಕಡೆ ಫೋರ್ಜ್ ಪ್ರಾಥಮಿಕ ಶಾಲೆ ಬಂದವು. ಹೇಜಲ್‌ವುಡ್ ಇರುವ ಭಾಗ ಆ ವರ್ಷಗಳಲ್ಲಿ ಕೊಲೆಗಳಿಗೆ ಹೆಸರಾದದ್ದು. ಸರಕಾರ ಮೊದಲು ಹಣ ಕೊಟ್ಟು ಆಮೇಲೆ ಶಾಲೆ ಬಂದದ್ದಲ್ಲ. ಮಕ್ಕಳು ಮೊದಲು, ಅನುದಾನ ಆಮೇಲೆ. ನಮ್ಮ ಸಂಘ ಸಂಸ್ಥೆಗಳ ಹಿರಿಯರು ಬಾಡಿಗೆ ಕೋಣೆಗಳಲ್ಲಿ ಶಾಲೆ ತೆರೆದದ್ದೂ ಹೀಗೆಯೇ ಅಲ್ಲವೇ.

1989ರಲ್ಲಿ ಬಂದ ಶಿಕ್ಷಣ ಸುಧಾರಣೆ ಆಜ್ಞೆ ಚರಿತ್ರೆಯ ತಿರುವು. ಬ್ರಯಾನ್ ಮಾಹಿನಿ ಎಂಬ ಮಂತ್ರಿ ಅದರ ಹಿಂದಿದ್ದರು. ಕೂಡುಶಾಲೆಗಳಿಗೆ ಉತ್ತೇಜನ ಕೊಡುವುದು, ಅವು ಬರಲು ಅನುವು ಮಾಡುವುದು ಇಲಾಖೆಯ ಕರ್ತವ್ಯ ಎಂದು 64ನೆಯ ಕಲಮಿನಲ್ಲಿ ಬರೆದರು. ಅಷ್ಟೇ ಅಲ್ಲ, ಇರುವ ಶಾಲೆಯನ್ನು ಕೂಡುಶಾಲೆಯಾಗಿ ಮಾರ್ಪಡಿಸುವ ಬೀಗದ ಕೈಯನ್ನು ತಂದೆತಾಯಿಗಳಿಗೂ ಕೊಟ್ಟರು. ಪೋಷಕರಲ್ಲಿ ನೂರಕ್ಕೆ 20 ಮಂದಿ ಲಿಖಿತವಾಗಿ ಕೇಳಿದರೆ, ಅಥವಾ ಆಡಳಿತ ಮಂಡಳಿಯೇ ನಿರ್ಣಯಿಸಿದರೆ, ಅಂಚೆಯ ಮೂಲಕ ಗುಪ್ತ ಮತದಾನ. ಅದನ್ನು ನಡೆಸುವುದು ಶಾಲೆಯಲ್ಲ, ಚುನಾವಣೆ ನಡೆಸುವುದನ್ನೇ ಕಸುಬಾಗಿ ಉಳ್ಳ ಹೊರಗಿನ ಸಂಸ್ಥೆ. ಮತ ಹಾಕಿದವರು ಅರ್ಧಕ್ಕಿಂತ ಕಡಿಮೆಯಾದರೆ 14 ದಿನದೊಳಗೆ ಎರಡನೆಯ ಮತದಾನ. ಹೆಚ್ಚು ಮತ ಬಂದ ಕಡೆ ಗೆಲುವು.

ಬಿಷಪ್ಪರು ಈ ಏರ್ಪಾಟಿನ ವಿರುದ್ಧ 1990ರಲ್ಲಿ ನ್ಯಾಯಾಲಯಕ್ಕೆ ಹೋದರು. ಹೊಸ ಕೂಡುಶಾಲೆಗಳ ಕಟ್ಟಡಕ್ಕೆ ಪೂರ್ತಿ ಹಣ, ತಮ್ಮ ಶಾಲೆಗಳಿಗೆ ಪೂರ್ತಿ ಇಲ್ಲ, ಇದೆಂಥ ನ್ಯಾಯ ಎಂಬುದು ಅವರ ವಾದ. ಅವರು ಗೆಲ್ಲಲಿಲ್ಲ. ಆದರೂ ಆ ಪ್ರಶ್ನೆ ಕೇಳಿದ್ದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಒಂದು ಒಳ್ಳೆಯ ಕೆಲಸಕ್ಕೆ ಕೊಡುವ ಸೌಲಭ್ಯವನ್ನು ಪಕ್ಕದವರಿಗೆ ಕೊಡದಿದ್ದರೆ ಒಳ್ಳೆಯ ಕೆಲಸಕ್ಕೇ ಶತ್ರುಗಳು ಹುಟ್ಟುತ್ತಾರೆ.

1991ರಲ್ಲಿ ಕ್ರೇಗಾವನ್ ಊರಿನ ಬ್ರೌನ್‌ಲೋ ಶಾಲೆ ಮತದಾನದ ದಾರಿಯಿಂದ ಮಾರ್ಪಟ್ಟ ಮೊದಲನೆಯದಾಯಿತು. ಆಮೇಲೆ ಹಲವು ಶಾಲೆಗಳು ಅದೇ ದಾರಿ ಹಿಡಿದವು. ಒಟ್ಟು ಕೂಡುಶಾಲೆಗಳು ಇಂದು ಸುಮಾರು 70. ಇವುಗಳಲ್ಲಿ ಮುಚ್ಚುವ ಭೀತಿಯಿಂದ ಮಾರ್ಪಾಡಿಗೆ ಬಂದ ಶಾಲೆಗಳೂ ಉಂಟು ಎಂದು ಟೀಕಿಸುವವರಿದ್ದಾರೆ. ಇರಬಹುದು. ಶಾಲೆ ಉಳಿಯಲೆಂದು ಕೂಡಿದರೂ ಮಕ್ಕಳು ಕೂಡಿಯೇ ಕಲಿಯುತ್ತಾರಲ್ಲ.

ಈ ಮತದಾನದಲ್ಲಿ ಒಂದು ವಿಚಿತ್ರವಿದೆ. ಮತ ಇರುವುದು ಆ ದಿನ ಶಾಲೆಯಲ್ಲಿ ಹೆಸರಿರುವ ಮಕ್ಕಳ ಪೋಷಕರಿಗೆ ಮಾತ್ರ. ಮುಂದಿನ ವರ್ಷ ಶಾಲೆ ಬಿಟ್ಟುಹೋಗುವ ಹುಡುಗನ ತಂದೆಗೆ ಮತವುಂಟು. ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡಿರುವ ತಾಯಿಗಿಲ್ಲ. ಆ ಕಡೆಯ ಪಂಗಡದವರಿಗಂತೂ, ಅವರ ಮಕ್ಕಳು ಇನ್ನೂ ಬಂದಿಲ್ಲವಾದ್ದರಿಂದ, ಮತವೇ ಇಲ್ಲ. ಸಮೀಕ್ಷೆ ಇಡೀ ಊರನ್ನು ಕೇಳುತ್ತದೆ, ಮತದಾನ ಒಂದು ಹಾಜರಿ ಪುಸ್ತಕವನ್ನು ಕೇಳುತ್ತದೆ. ಎರಡರ ಉತ್ತರ ಒಂದೇ ಆಗಬೇಕೆಂದು ನಿಯಮವಿಲ್ಲ. ಮತದಾನ ಗೆದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರಸ್ತಾವ ಪ್ರಕಟವಾಗಬೇಕು, ಆಕ್ಷೇಪಣೆಗೆ ಎರಡು ತಿಂಗಳು. ಪಕ್ಕದ ಶಾಲೆಗಳು, ಚರ್ಚುಗಳು, ಊರ ಪ್ರತಿನಿಧಿಗಳು ಎಲ್ಲರೂ ಬರೆಯಬಹುದು. ಕೊನೆಯ ಸಹಿ ಮಂತ್ರಿಯದು.

2006ರಲ್ಲಿ ಬೇನ್ ಎಂಬವರ ಅಧ್ಯಕ್ಷತೆಯ ಸಮಿತಿ ನಾಡಿನ ಶಾಲೆಗಳಲ್ಲಿ ಸುಮಾರು 50 ಸಾವಿರ ಜಾಗಗಳು ಖಾಲಿ ಇವೆ ಎಂದು ವರದಿ ಕೊಟ್ಟಿತು. ಖಾಲಿ ಜಾಗಗಳ ಕಾರಣ ಹೇಳಿ ಹೊಸ ಕೂಡುಶಾಲೆಗಳ ಕೆಲವು ಪ್ರಸ್ತಾವಗಳನ್ನು ಆ ವರ್ಷ ತಿರಸ್ಕರಿಸಿದ್ದರು. ಎರಡೆರಡು ಬಗೆಯ ಶಾಲೆಗಳನ್ನು ಅಕ್ಕಪಕ್ಕದಲ್ಲಿ ನಡೆಸುವುದರಿಂದಲೇ ಜಾಗ ಖಾಲಿ ಬಿದ್ದಿತ್ತು; ಖಾಲಿ ಬಿದ್ದದ್ದರಿಂದ ಕೂಡಿಸುವ ಶಾಲೆ ಬೇಡವಾಯಿತು.

ಅಂಕಿಯ ಆಟ ಅತ್ಯಂತ ಸ್ಪಷ್ಟವಾಗಿ ಬಯಲಾದದ್ದು 2014ರಲ್ಲಿ, ಓಮಾ ಪಟ್ಟಣದ ಡ್ರಮ್‌ರಾ ಕೂಡುಶಾಲೆಯ ಮೊಕದ್ದಮೆಯಲ್ಲಿ. ಬರುವ ಮಕ್ಕಳಿಗೆ ಜಾಗ ಸಾಲದೆಂದು ಆ ಶಾಲೆ ಹೆಚ್ಚು ಸೀಟು ಕೇಳಿತ್ತು. ಇಲಾಖೆ ಒಪ್ಪಲಿಲ್ಲ. ಇಲಾಖೆಯ ಬಳಿ ಮುಂದಿನ ಅಗತ್ಯವನ್ನು ಅಂದಾಜು ಮಾಡುವ ಒಂದು ಸೂತ್ರವಿತ್ತು. ಯಾವ ಬಗೆಯ ಶಾಲೆಯಲ್ಲಿ ಈಗ ಎಷ್ಟು ಪಾಲು ಮಕ್ಕಳಿದ್ದಾರೋ ಮುಂದೆಯೂ ಅಷ್ಟೇ ಪಾಲು ಎಂದು ಆ ಸೂತ್ರ ಹಿಡಿಯುತ್ತಿತ್ತು. ಸೀಟು ಇಲ್ಲದ್ದರಿಂದ ಹೊರಗುಳಿದ ಮಗು ಬೇರೆ ಶಾಲೆಗೆ ಸೇರುತ್ತದೆ. ಸೇರಿದ ಕೂಡಲೇ ಅದು ಆ ಬೇರೆ ಶಾಲೆಗೆ ಇರುವ ಬೇಡಿಕೆಯೆಂದು ಲೆಕ್ಕಕ್ಕೆ ಬರುತ್ತದೆ. ಪಡಿತರ ಅಂಗಡಿಯಲ್ಲಿ ಹತ್ತು ಚೀಲ ಸಕ್ಕರೆ ಇಟ್ಟು, ಹತ್ತೇ ಚೀಲ ಖರ್ಚಾಯಿತು ಆದ್ದರಿಂದ ಊರಿಗೆ ಹತ್ತೇ ಚೀಲ ಬೇಕು ಎಂದಂತೆ. ನ್ಯಾಯಮೂರ್ತಿ ಟ್ರೇಸಿ ಶಾಲೆಯ ಪರವಾಗಿ ತೀರ್ಪು ಕೊಟ್ಟರು. 64ನೆಯ ಕಲಮು ಬರಿಯ ಸದಾಶಯವಲ್ಲ, ಯೋಜನೆ ಹಾಕುವಾಗ ಇಲಾಖೆ ಅದನ್ನು ಜಾರಿಗೆ ತರಬೇಕು. ಬೆಳವಣಿಗೆಗೆ ಎಡೆಯಿಲ್ಲದ ಸೂತ್ರ ಅದಕ್ಕೆ ಅಡ್ಡಿ ಎಂಬುದು ತೀರ್ಪಿನ ಸಾರ. ಲೆಕ್ಕ ಬಲ್ಲ ಯಾರಾದರೂ ಓದಬೇಕಾದ ತೀರ್ಪು ಅದು.

2021ರಲ್ಲಿ ಗ್ಲೆನಾರ್ಮ್ ಎಂಬ ಕಡಲತೀರದ ಹಳ್ಳಿಯ ಸೀವ್ಯೂ ಪ್ರಾಥಮಿಕ ಶಾಲೆ ಕೂಡುಶಾಲೆಯಾಯಿತು. ಕ್ಯಾಥೊಲಿಕ್ ಶಾಲೆಯೊಂದು ಹೀಗೆ ಮಾರ್ಪಟ್ಟದ್ದು ಅದೇ ಮೊದಲು. ಅಲ್ಲಿಯವರೆಗೆ ಮತದಾನದಿಂದ ಮಾರ್ಪಟ್ಟವೆಲ್ಲ ಪ್ರಾಟೆಸ್ಟಂಟ್ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳು. ಬಿಷಪ್ ಫಿಲ್ಬಿನ್ನರ ಕಾಲದಿಂದ ಇಲ್ಲಿಗೆ ಸುಮಾರು ಅರ್ಧ ಶತಮಾನ.

2022ರ ಮಾರ್ಚಿನಲ್ಲಿ ಅಲಯನ್ಸ್ ಪಕ್ಷದ ಸದಸ್ಯೆ ಕೆಲ್ಲಿ ಆರ್ಮ್‌ಸ್ಟ್ರಾಂಗ್ ಮಂಡಿಸಿದ ಖಾಸಗಿ ಮಸೂದೆ ಡಿಯುಪಿ ಎಂಬ ದೊಡ್ಡ ಪ್ರಾಟೆಸ್ಟಂಟ್ ಪಕ್ಷದ ವಿರೋಧದ ನಡುವೆ ಪಾಸಾಯಿತು. ಕೂಡುಶಾಲೆಗೆ ಇರುವ ಬೇಡಿಕೆಯನ್ನು ಇಲಾಖೆ ಅಳೆಯಬೇಕು, ಅದನ್ನು ಪೂರೈಸುವ ಗುರಿ ಇಟ್ಟುಕೊಳ್ಳಬೇಕು ಎಂದು ಈಗ ಕಾನೂನೇ ಹೇಳಿತು. ಕೂಡುಶಾಲೆ ಎಂದರೆ ಏನೆಂಬ ವಿವರಣೆಯಲ್ಲಿ ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಮಕ್ಕಳು ‘ಸಮಂಜಸ ಸಂಖ್ಯೆಯಲ್ಲಿ’ ಇರಬೇಕು ಎಂಬ ಮಾತೂ ಸೇರಿತು. ಎಷ್ಟು ಎಂದರೆ ಸಮಂಜಸ? ಅಂಕಿ ಬರೆಯಲಿಲ್ಲ. ಕಾಯಿದೆಯ ಭಾಷೆಯಲ್ಲಿ ಇಂಥ ಒಂದು ಮೆತ್ತನೆಯ ಪದ ಇದ್ದರೆ, ಮುಂದೆ ಫೈಲು ಬಂದು ಕೂರುವುದು ಅದರ ಮೇಲೆಯೇ.

ಬಂದು ಕೂತಿತು ಕೂಡ. ಬ್ಯಾಂಗರ್ ಪಟ್ಟಣದಲ್ಲಿ ಪ್ರಾಟೆಸ್ಟಂಟರು ಬಹುಸಂಖ್ಯಾತರು. ಅಲ್ಲಿನ ಬ್ಯಾಂಗರ್ ಅಕಾಡೆಮಿ 1,800ಕ್ಕೂ ಹೆಚ್ಚು ಮಕ್ಕಳ ಬಲು ದೊಡ್ಡ ಶಾಲೆ. ಮಾರ್ಪಾಡಿಗೆ ಮತದಾನ ನಡೆದಾಗ ಮತ ಹಾಕಿದ ಪೋಷಕರಲ್ಲಿ ನೂರಕ್ಕೆ ಸುಮಾರು 80 ಮಂದಿ ಹೌದೆಂದರು. 2025ರ ಜನವರಿಯಲ್ಲಿ ಡಿಯುಪಿಯವರೇ ಆದ ಶಿಕ್ಷಣ ಮಂತ್ರಿ ಪಾಲ್ ಗಿವನ್ ಪ್ರಸ್ತಾವವನ್ನು ತಿರಸ್ಕರಿಸಿದರು. ಅವರು ನೋಡಿದ ಅಂಕಿ 80 ಅಲ್ಲ, 3. ಶಾಲೆಯಲ್ಲಿದ್ದ ಕ್ಯಾಥೊಲಿಕ್ ಮಕ್ಕಳು ನೂರಕ್ಕೆ ಮೂರರಷ್ಟೇ, ಸಮಂಜಸ ಸಂಖ್ಯೆ ಬರುವ ಸಂಭವ ಕಾಣದು ಎಂಬುದು ಕಾರಣ. ಹೆಸರು ಬದಲಾದರೆ ಆ ಕಡೆಯ ಮಕ್ಕಳು ಬರುತ್ತಾರೆಂದು ಪೋಷಕರು, ಮಕ್ಕಳು ಬರುವರೆಂದು ತೋರಿದರೆ ಹೆಸರು ಬದಲಾಯಿಸುತ್ತೇವೆಂದು ಸರಕಾರ. ಅದೇ ಊರಿನ ರಾತ್‌ಮೋರ್ ಪ್ರಾಥಮಿಕ ಶಾಲೆಯ ಪೋಷಕರು ಗೆಲ್ಲಿಸಿದ್ದ ಪ್ರಸ್ತಾವಕ್ಕೂ ಅದರ ಜೊತೆಯಲ್ಲೇ ಅದೇ ಉತ್ತರ ಬಂತು.

ಸ್ಕೌಟ್ ಕೇಂದ್ರದಲ್ಲಿ 28 ಮಕ್ಕಳಿಂದ ಆರಂಭವಾದ ಲಗನ್ ಕಾಲೇಜು ಇಂದು ಲಿಸ್ನಬ್ರೀನಿಯ ಗುಡ್ಡದ ಮೇಲೆ ಸ್ವಂತ ಕಟ್ಟಡದಲ್ಲಿದೆ. ಮಕ್ಕಳು ಸಾವಿರಕ್ಕೂ ಹೆಚ್ಚು.